ಪೂಜೆಗೆ ಕೂತ ಭುಜ

ನಮ್ಮ ಸೋದರಮಾವನಿಗೆ ದೇವರ ಮೇಲೆ ಇರುವುದು ಒಂದೇ ಒಂದು ತಕರಾರು: ಮನುಷ್ಯನನ್ನು ಮಾಡಿ ಕಳಿಸುವಾಗ ಜೊತೆಗೊಂದು ಅಳತೆಯ ಡ್ರಾಯಿಂಗ್ ಕಳಿಸಲಿಲ್ಲವಲ್ಲ! ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಕಡೆಯುವ ಲೇತ್ ಓಡಿಸಿದವರು ಅವರು. ಈಗಲೂ ಮನೆಯ ಮುಂದಿನ ಶೆಡ್ಡಿನಲ್ಲಿ ಹಳೆಯದೊಂದು ಲೇತ್ ಇಟ್ಟುಕೊಂಡು ಸಣ್ಣಪುಟ್ಟ ಕೆಲಸ ಮಾಡುತ್ತಾರೆ. ಪ್ರಪಂಚದ ಯಾವ ವಸ್ತುವನ್ನೂ ಅಳೆಯದೆ ನಂಬುವವರಲ್ಲ. ಒಮ್ಮೆ ಅತ್ತೆ ಲಟ್ಟಿಸಿದ ಚಪಾತಿಗೂ ದಪ್ಪ ಅಳೆಯುವ ವರ್ನಿಯರ್ ಹಿಡಿದು, "ಈ ಕಡೆ ಅರ್ಧ ಎಂಎಂ ದಪ್ಪ ಕಣೇ" ಎಂದಿದ್ದರಂತೆ. ಆಮೇಲೆ ಅವರಿಗೆ ಎಷ್ಟು ಚಪಾತಿ ಸಿಕ್ಕಿತು ಎಂಬುದನ್ನು ಮಾತ್ರ ಅತ್ತೆ ಇವತ್ತಿಗೂ ಹೇಳಿಲ್ಲ.

ಇಂಥವರ ಬಲಭುಜ ಒಂದು ದಿನ ಕೆಟ್ಟು ಕೂತಿತು. ಭಾರವಾದ ಕಬ್ಬಿಣದ ತುಂಡನ್ನು ಅಟ್ಟದಿಂದ ಇಳಿಸುವಾಗ ಒಳಗೆ ಏನೋ ಚಟ್ ಎಂದಿತಂತೆ. ಬೇರೆಯವರಾಗಿದ್ದರೆ ಆಸ್ಪತ್ರೆಗೆ ಓಡುತ್ತಿದ್ದರು. ಮಾವ, "ಬೇರಿಂಗ್ ಡ್ರೈ ಆಗೈತೆ, ಅಷ್ಟೇಯ" ಎಂದು ಎಳ್ಳೆಣ್ಣೆ ಸವರಿದರು. ಒಂದು ದಿನವಲ್ಲ, ಎರಡು ವರ್ಷ ಸವರಿದರು! ಕೈ ಎದೆಯ ಮಟ್ಟಕ್ಕಿಂತ ಮೇಲೇಳದಾಯಿತು. ಎಡಗೈಯಲ್ಲಿ ಬಲಗೈಯನ್ನು ಎತ್ತಿ ಲೇತಿನ ಹಿಡಿಕೆಯ ಮೇಲೆ ಇಟ್ಟುಕೊಳ್ಳುವ ಹೊಸ ಪದ್ಧತಿ ಶುರುವಾಯಿತು. ಕೊನೆಗೆ ನಾನೂ ಅತ್ತೆಯೂ ಸೇರಿ ದಬ್ಬಿಕೊಂಡೇ ಆಸ್ಪತ್ರೆಗೆ ಹೋದೆವು.

ಭುಜದ ಕೀಲನ್ನು ಹಿಡಿದಿಡುವ ಸ್ನಾಯುವಿನ ತುದಿ ಮೂಳೆಯಿಂದ ಕಿತ್ತುಬಂದಿದೆ, ಹೊಲಿಯಬೇಕು ಎಂದರು ಡಾಕ್ಟರು.

"ಮೂಳೆಗೆ ದಾರ ಎಂಗೆ ನಿಲ್ತದೆ ಸಾರ್?"

"ಮೂಳೆಯೊಳಗೆ ಚಿಕ್ಕ ಚಿಕ್ಕ ಸ್ಕ್ರೂ ಹಾಕಿ, ಅದಕ್ಕೆ ದಾರ ಕಟ್ತೀವಿ."

ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು! "ಸ್ಕ್ರೂ ಎಷ್ಟು ಎಂಎಂ? ಅದರ ಥ್ರೆಡ್ಡು ಎಂಥದ್ದು?" ಪಾಪ, ಆ ಡಾಕ್ಟರು ಹತ್ತು ನಿಮಿಷ ಸ್ಕ್ರೂಗಳ ಬಗ್ಗೆ ಪಾಠ ಹೇಳಿಸಿಕೊಂಡರು. ಆಮೇಲೆ ತಮ್ಮ ಪಾಠ ಶುರುಮಾಡಿದರು. "ನೋಡಿ ಯಜಮಾನ್ರೇ, ವಯಸ್ಸು ಅರವತ್ತು ದಾಟಿದೆ. ಶುಗರ್ ಇದೆ. ಬೀಡಿ ಸೇದ್ತೀರ. ಹರಿದಿರೋದೂ ದೊಡ್ಡದು, ಹಳೇದು ಬೇರೆ. ಇಷ್ಟೆಲ್ಲ ಇದ್ರೆ ಹೊಲಿದದ್ದು ಕೂಡಿಕೊಳ್ಳದೆ ಮತ್ತೆ ಹರಿಯೋ ಭಯ ಜಾಸ್ತಿ. ಕೂಡಿಕೊಂಡ್ರೆ ಕೈ ಏರುತ್ತೆ, ನೋವೂ ಕಮ್ಮಿಯಾಗುತ್ತೆ. ಮತ್ತೆ ಹರಿದ್ರೆ ಎರಡನೇ ಸಲ ಹೊಲಿಯೋದು ಕಷ್ಟ."

ಮಾವ ಮೊದಲ ಸಲ ಗಂಭೀರರಾದರು. "ಇದ್ರಲ್ಲಿ ನನ್ನಿಂದ ಆಗೋದು ಯಾವ್ಯಾವ್ದು ಸಾರ್?"

"ಶುಗರ್ ಹಿಡಿತದಲ್ಲಿಡಿ, ಬೀಡಿ ಬಿಡಿ. ಆಪರೇಷನ್ ಆದ್ಮೇಲೆ ಆರು ವಾರ ಕೈನ ಕತ್ತಿಗೆ ತೂಗುಹಾಕೋ ಜೋಳಿಗೇಲಿಟ್ಟು ಸುಮ್ನಿರಿ."

ಮಾವ ಜೇಬಿನಿಂದ ಬೀಡಿ ಕಟ್ಟು, ಬೆಂಕಿಪೊಟ್ಟಣ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು. ನಲವತ್ತು ವರ್ಷದ ಚಟ! ಬಾಗಿಲವರೆಗೆ ಹೋದವರು ತಿರುಗಿ ಬಂದಾಗ ಮತ್ತೆ ಬೀಡಿಗೇ ಕೈ ಹಾಕುತ್ತಾರೆ ಎಂದುಕೊಂಡೆವು. ಬೆಂಕಿಪೊಟ್ಟಣವನ್ನಷ್ಟೇ ಎತ್ತಿಕೊಂಡು, "ದೇವರ ದೀಪ ಹಚ್ಚೋಕೆ ಬೇಕು ಸಾರ್" ಎಂದರು.

ಬೀಡಿ ಬಿಟ್ಟವರು ಬಿಟ್ಟೇಬಿಟ್ಟರು. ಆದರೆ ಸುಮ್ಮನಿರುವುದು? ಅದು ಅವರ ಜಾಯಮಾನದಲ್ಲೇ ಇಲ್ಲ. ಆಪರೇಷನ್ ಆದ ಮೂರನೇ ವಾರ ನಾನು ನೋಡಲು ಹೋಗಿದ್ದಾಗ ಶೆಡ್ಡಿನಿಂದ "ಅಯ್ಯಪ್ಪೋ" ಎಂಬ ಚೀರಾಟ! ಓಡಿ ಹೋಗಿ ನೋಡಿದರೆ ಜೋಳಿಗೆ ನೆಲದ ಮೇಲೆ, ಲೇತ್ ತಿರುಗುತ್ತಿದೆ, ಮಾವ ಭುಜ ಹಿಡಿದುಕೊಂಡು ಕೂತಿದ್ದಾರೆ. "ಟ್ರಯಲ್ ನೋಡ್ದೆ ಕಣೋ" ಎಂದರು. ಮತ್ತೆ ಆಸ್ಪತ್ರೆಗೆ ಓಡಿ ಸ್ಕ್ಯಾನಿಂಗ್ ಮಾಡಿಸಿದೆವು. ಹೊಲಿಗೆ ಹೇಗೋ ಉಳಿದುಕೊಂಡಿತ್ತು. "ಇನ್ನೊಂದು ಟ್ರಯಲ್ ಮಾಡಿದ್ರೆ ನನ್ನತ್ರ ಬರ್ಬೇಡಿ" ಎಂದರು ಡಾಕ್ಟರು.

ಬೈದರೆ ಕೇಳುವ ಆಸಾಮಿಯೇ? ಇಲ್ಲ. ಅದು ಅತ್ತೆಗೆ ಚೆನ್ನಾಗಿ ಗೊತ್ತು. ಅದರ ಮುಂದಿನ ವಾರವೇ ಆಯುಧಪೂಜೆ ಬಂತು. ಪೂಜೆಗಿಟ್ಟ ಮಿಷನ್ನನ್ನು, ಮಾರನೇ ದಿನ ಹೂವು ತೆಗೆದು ಪೂಜೆ ಕದಲಿಸುವ ತನಕ ಯಾರೂ ಮುಟ್ಟಕೂಡದು ಎಂಬುದು ಮಾವನ ಶೆಡ್ಡಿನ ಕಾನೂನು. ಹಿಂದೊಮ್ಮೆ ಹಬ್ಬದ ದಿನ ಗ್ರೈಂಡರಿನ ಗುಂಡಿ ಒತ್ತಿದ ಜೊತೆಗಾರನೊಬ್ಬನ ಹತ್ತಿರ ಎರಡು ತಿಂಗಳು ಮಾತು ಬಿಟ್ಟಿದ್ದ ಮಹಾನುಭಾವರು ಅವರು! ಅತ್ತೆ ಲೇತಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿದರು. ಆಮೇಲೆ ತಟ್ಟೆ ಹಿಡಿದು ಸೀದಾ ಮಾವನ ಹತ್ತಿರ ಬಂದರು. ಜೋಳಿಗೆಯ ಮೇಲೆ ಮೂರು ಪಟ್ಟೆ ವಿಭೂತಿ, ಕುಂಕುಮ, ಒಂದು ಮೊಳ ಹೂವು, ಮೇಲೆ ಮಂಗಳಾರತಿ!

"ಪೂಜೆ ಆಯ್ತು. ನಾನ್ ಕದಲಿಸೋಗಂಟ ಇದನ್ನ ಯಾರೂ ಮುಟ್ಟಂಗಿಲ್ಲ."

"ಲೇ, ಇದು ಮಿಷನ್ನಲ್ಲ ಕಣೇ, ಕೈ!"

"ಒಳಗೆ ಸ್ಕ್ರೂ ಅವೆ ಅಂತ ಬೀದಿಗೆಲ್ಲ ಹೇಳ್ಕಂಡು ಬಂದ್ರಲ್ಲ ನೀವು?"

ಕಾನೂನು ಅವರದೇ! ಮಾವ ಎಡಗೈಯಲ್ಲೇ ಆರತಿ ತೆಗೆದುಕೊಂಡರು. ಮಾರನೇ ದಿನ ಲೇತಿನ ಪೂಜೆ ಕದಲಿತು, ಭುಜದ್ದು ಕದಲಲಿಲ್ಲ. ದಿನಾ ಬೆಳಿಗ್ಗೆ ಹೊಸ ಹೂವು. ಹಾಲು ಹಾಕುವ ಅಕ್ಕ ಒಂದು ದಿನ ಜೋಳಿಗೆಗೆ ಕೈಮುಗಿದೇ ಹೋದಳು. ಡಾಕ್ಟರು ಜೋಳಿಗೆ ತೆಗೆಯಲು ಹೇಳಿದ ದಿನವೇ ಅತ್ತೆ ಪೂಜೆ ಕದಲಿಸಿದ್ದು.

ಆಮೇಲೆ ವ್ಯಾಯಾಮದ ಪರ್ವ. ಮಾವ ಗೋಡೆಯ ಮೇಲೆ ಕೋನ ಗುರುತು ಮಾಡಿ, ಕೈ ಏರಿದಷ್ಟನ್ನೂ ನನಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಿದ್ದರು. "ಇವತ್ತು ಎಪ್ಪತ್ತೆರಡೂವರೆ ಡಿಗ್ರಿ ಕಣೋ!" ಆ ಅರ್ಧ ಡಿಗ್ರಿಗೆ ನಾನೂ ಆಫೀಸಿನಲ್ಲಿ ಕೂತು ಕುಣಿಯಬೇಕು. ಐದು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನಿಂಗ್ ಆಯಿತು. ಹೊಲಿಗೆ ಕೂಡಿಕೊಂಡಿತ್ತು! ಭಾರ ಇನ್ನೂ ಎತ್ತುವಂತಿಲ್ಲ, ಕೈ ನೆಟ್ಟಗೆ ಆಕಾಶಕ್ಕೂ ಹೋಗುವುದಿಲ್ಲ. ಆದರೆ ಕಿವಿ ದಾಟಿ ಏರುತ್ತದೆ.

ಕಳೆದ ಭಾನುವಾರ ಹೋಗಿದ್ದೆ. ಅತ್ತೆ ಬಾಗಿಲ ಮೆಟ್ಟಿಲ ಮೇಲೆ ಕೂದಲು ಬಿಚ್ಚಿ ಕೂತಿದ್ದರು. ಹಿಂದೆ ಕುರ್ಚಿಯಲ್ಲಿ ಕೂತ ಮಾವ ಅದೇ ಬಲಗೈಯಲ್ಲಿ ಬಾಚಣಿಗೆ ಹಿಡಿದು, ನೆತ್ತಿಯಿಂದ ತುದಿಯವರೆಗೆ ಮೆಲ್ಲಗೆ ಬಾಚುತ್ತಿದ್ದರು. ನನ್ನನ್ನು ಕಂಡು ನಾಚಿಕೊಂಡು, "ಫಿಸಿಯೋದವ್ರು ಕೈ ಮ್ಯಾಕೂ ಕೆಳಕ್ಕೂ ಆಡಿಸಿ ಅಂದವ್ರೆ ಕಣೋ, ಅದಕ್ಕೇಯ" ಎಂದರು.

ಇಷ್ಟು ತಿಂಗಳು ಅವರಿಗೆ ಸ್ನಾನ ಮಾಡಿಸಿ, ಅಂಗಿಯ ಗುಂಡಿ ಹಾಕಿ, ಮುದ್ದೆ ಮುರಿದು ಬಾಯಿಗಿಟ್ಟ ಅತ್ತೆ ಈಗ ಕಣ್ಣು ಮುಚ್ಚಿ ಕೂತಿದ್ದರು. ಮುಚ್ಚಿದ ಕಣ್ಣಂಚು ಒದ್ದೆಯಾಗಿತ್ತು. ಮಾವ ಉದುರಿದ ಕೂದಲನ್ನು ಸುತ್ತಿ ಬಿಸಾಡಲು ಆ ಕಡೆ ಹೋದಾಗ, "ಎಷ್ಟು ಸಲ ಮಾಡ್ಬೇಕಂತೆ ಅತ್ತೆ?" ಎಂದು ಕೇಳಿದೆ.

ಅತ್ತೆ ಕಣ್ಣು ತೆರೆಯದೆ ಪಿಸುಗುಟ್ಟಿದರು: "ಹತ್ತು ಸಲ. ಎಣಿಸೋದ ಮರ್ತವ್ರೆ. ನೀನು ನೆಪ್ಪು ಮಾಡ್ಬ್ಯಾಡ ಕಣಪ್ಪ."