ಹಾಡು ಹಂಚಿಕೊಂಡ ತಪ್ಪಿಗೆ

ಲಕೋಟೆ ದಪ್ಪಗಿತ್ತು. ಅಷ್ಟು ದಪ್ಪದ ಲಕೋಟೆಯೊಳಗಿಂದ ಒಳ್ಳೆಯ ಸುದ್ದಿ ಹೊರಬಿದ್ದದ್ದನ್ನು ವರ್ಲಿನ್ ಸ್ಟಕಿ ತನ್ನ ಐವತ್ತೊಂಬತ್ತು ವರ್ಷಗಳಲ್ಲಿ ಕಂಡಿರಲಿಲ್ಲ. ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು, ನೊರೆಗೈಯಲ್ಲೇ ಅದನ್ನು ಹರಿದ.

ತಂದುಕೊಟ್ಟ ಅಂಚೆಯ ಮರ್ಲ್ ಗೆಟ್ಸ್ ಅಲ್ಲೇ ನಿಂತಿದ್ದ. ಓಹಾಯೋದ ಆ ಪುಟ್ಟ ಊರಿನಲ್ಲಿ ಕಾಗದ ಕೊಟ್ಟು ಸುಮ್ಮನೆ ಹೋಗಿಬಿಡುವುದು ಅಂಚೆಯವನಿಗೆ ಮರ್ಯಾದೆಯಲ್ಲ.

"ಯಾರು ಸತ್ತರು?" ಎಂದ ಮರ್ಲ್.

"ಇನ್ನೂ ಯಾರೂ ಇಲ್ಲ," ಎಂದು ವರ್ಲಿನ್ ಓದತೊಡಗಿದ. "'ತಾವು ಜಾಲದ ಮೂಲಕ ನಮ್ಮ ಕಕ್ಷಿದಾರರ ಒಡೆತನದ ಹಾಡುಗಳನ್ನು ಅನುಮತಿಯಿಲ್ಲದೆ ಅಪರಿಚಿತರೊಡನೆ ಹಂಚಿಕೊಂಡಿರುವುದು ಗೊತ್ತಾಗಿದೆ. ಈ ಶುಕ್ರವಾರ ಸಂಜೆ ಐದರೊಳಗೆ ಕರೆಮಾಡಿ ರಾಜಿಯಾಗದಿದ್ದರೆ ತಮ್ಮ ಮೇಲೆ ಮೊಕದ್ದಮೆ…' ಮರ್ಲ್, ಇವತ್ತು ಯಾವ ವಾರ?"

"ಶುಕ್ರವಾರ."

"ಹಾಗಾದ್ರೆ ಸತ್ತವನು ನಾನೇ."

ವರ್ಲಿನ್ ಹೆದರಿದ್ದಕ್ಕೆ ಕಾರಣವಿತ್ತು. ಅವನ ಕ್ಷೌರದಂಗಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ನಾಲ್ವರು ಸೇರಿ, ಪಿಟೀಲಿಲ್ಲ ಪಿಯಾನೊ ಇಲ್ಲ, ಬರೀ ಬಾಯಲ್ಲಿ ಹಾಡುತ್ತಿದ್ದರು. ಆ ನಾಡಿನಲ್ಲಿ ಕ್ಷೌರದಂಗಡಿಯ ಹಾಡು ಎಂದೇ ಅದಕ್ಕೆ ಹೆಸರು. ಮೇಲಿನ ಎಳೆ ಮರ್ಲ್‌ನದು. ಮುಖ್ಯ ರಾಗ ನಿವೃತ್ತ ಪಾಸ್ಟರ್ ಲೋವೆಲ್ ಟ್ರಿಪ್ ಅವರದು. ದನಿಗಳ ನಡುವಿನ ಸಂದು ತುಂಬುವವನು ಎದುರುಗಡೆ ಮೊಳೆ ಸುತ್ತಿಗೆ ಮಾರುವ ಕ್ಲೀಟಸ್ ಬೋಮನ್. ಎಲ್ಲರ ಕೆಳಗೆ, ಮನೆಗೆ ತಳಪಾಯ ಇದ್ದ ಹಾಗೆ, ವರ್ಲಿನ್‌ನ ತಗ್ಗು ದನಿ. ಹದಿನೆಂಟು ವರ್ಷ ಸೋತು ಸೋತು, ಈ ಸಲ ಮೊದಲ ಬಾರಿಗೆ ಜಿಲ್ಲಾ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿದ್ದರು. ಸ್ಪರ್ಧೆ ನಾಳೆ.

ಮರ್ಲ್ ರಸ್ತೆ ದಾಟಿ ಕ್ಲೀಟಸ್‌ನನ್ನು ಕರೆತಂದ. ಕ್ಲೀಟಸ್ ಜೇಬಿನಿಂದ ಸ್ಪರ್ಧೆಯ ನಿಯಮಗಳ ಪುಸ್ತಕ ತೆಗೆದ. ಅವನು ಬೈಬಲ್ಲನ್ನಾದರೂ ಮನೆಯಲ್ಲಿ ಬಿಟ್ಟಾನು, ಅದನ್ನು ಬಿಡುವವನಲ್ಲ.

"ಹನ್ನೊಂದನೇ ನಿಯಮ. ಹಾಡು ಕದ್ದ ಆಪಾದನೆ ಇರೋರು ವೇದಿಕೆ ಹತ್ತೋ ಹಾಗಿಲ್ಲ. ಐದು ಗಂಟೆ ಒಳಗೆ ನಿನ್ನ ಹೆಸರು ತೊಳ್ಕೋಬೇಕು ವರ್ಲಿನ್. ಇಲ್ದಿದ್ರೆ ನಾವು ಮೂವರೇ. ತಳ ಇಲ್ಲದ ಬಕೆಟ್ಟು."

"ನಾನು ಏನು ಕದ್ದೆನೋ?"

ಅಷ್ಟರಲ್ಲಿ ಪಕ್ಕದ ಬೇಕರಿಯ ಓಪಲ್ ರಿಚಿ ಡೋನಟ್ ಡಬ್ಬಿ ಹಿಡಿದು ಒಳಬಂದಳು. ಯಾರೂ ಕರೆದಿರಲಿಲ್ಲ, ಗೋಡೆಗೆ ಕಿವಿಯಿದೆ ಎನ್ನುತ್ತಾರಲ್ಲ, ಆ ಗೋಡೆಯ ಆಚೆಗಿದ್ದ ಕಿವಿ ಅವಳದು.

"ಪೇಪರಲ್ಲಿ ದಿನಾ ಬರ್ತಾ ಇದೆ," ಎಂದಳು. "ಕಂಪ್ಯೂಟರಲ್ಲಿ ಹಾಡು ಇಟ್ಕೊಂಡು ಕಂಡಕಂಡೋರಿಗೆ ಕೊಡ್ತಾರಂತೆ. ಕಂಪನಿಯೋರು ಒಬ್ಬೊಬ್ಬರನ್ನೇ ಹಿಡಿದು ಕೇಸು ಹಾಕ್ತಿದ್ದಾರೆ."

"ಇವನ ಹತ್ರ ಕಂಪ್ಯೂಟರ್ ಎಲ್ಲಿದೆ?" ಎಂದ ಕ್ಲೀಟಸ್. "ಇವನ ಗಲ್ಲಾಪೆಟ್ಟಿಗೆಗೇ ಬಲಗೈಯಲ್ಲಿ ಗುದ್ದಿದರೆ ಮಾತ್ರ ಬಾಗಿಲು ತೆಗೆಯೋದು. ಕಂಪ್ಯೂಟರ್ ಇಲ್ಲ ಅಂದ್ಮೇಲೆ ಇವನು ಬೇರೆ ಏನೋ ಮಾಡಿರಬೇಕು."

ಈ ತರ್ಕಕ್ಕೆ ಎಲ್ಲರೂ ತಲೆದೂಗಿದರು. ವರ್ಲಿನ್ ಕೂಡ.

"ಜಾಲದ ಮೂಲಕ ಅಂತ ಬರೆದಿದೆಯಲ್ಲ," ಎಂದು ಮರ್ಲ್ ಮೆಲ್ಲಗೆ ತಿರುಗಿ ಕಿಟಕಿ ನೋಡಿದ. ಕಿಟಕಿಗೆ ಸೊಳ್ಳೆಯ ಜಾಲರಿ ಬಡಿದಿತ್ತು. ಅದರಾಚೆ ಬೀದಿ.

ಎಲ್ಲರೂ ಕಿಟಕಿಯತ್ತ ತಿರುಗಿದರು.

"ಶುಕ್ರವಾರ ಶುಕ್ರವಾರ ಇದೇ ಜಾಲರಿಯಿಂದ ಹಾಡು ಹೊರಗೆ ಹೋಗುತ್ತೆ," ಎಂದ ಮರ್ಲ್. "ಬೀದೀಲಿ ಹೋಗೋರೆಲ್ಲ ಅಪರಿಚಿತರು."

"ಹಂಚಿಕೊಂಡಿದ್ದೂ ನಿಜವೇ," ಎಂದ ವರ್ಲಿನ್. "ಒಂದೊಂದು ಹಾಡನ್ನೂ ನಾಲ್ಕು ದನಿಗೆ ಹಂಚಿಕೊಂಡಿದ್ದೀವಿ. ಹಂಚಿಕೊಳ್ಳದೆ ಹಾಡೋದು ಹೇಗೆ ಮಾರಾಯ?"

ಸಲಹೆಗಳು ಶುರುವಾದವು. ಕಿವುಡನೆಂದು ಹೇಳು, ಕಿವುಡನು ಹಾಡು ಕದಿಯಲಾರ ಎಂದಳು ಓಪಲ್. ವರ್ಲಿನ್ ಅಭ್ಯಾಸಕ್ಕೆಂದು ಹತ್ತು ನಿಮಿಷ ಕಿವುಡನಾದ. ಆ ಹತ್ತು ನಿಮಿಷದಲ್ಲಿ ಅರ್ಧ ಗಡ್ಡದ ಗಿರಾಕಿ "ಮೀಸೆ ಮುಟ್ಟಬೇಡಿ" ಎಂದು ಎರಡು ಸಲ ಕೂಗಿದ. ಮೂರನೆಯ ಸಲ ಕೂಗಲು ಮೀಸೆ ಇರಲಿಲ್ಲ.

"ಸತ್ತಿದ್ದಾನೆ ಅಂತ ನಾನೇ ಫೋನ್ ಮಾಡ್ತೀನಿ," ಎಂದ ಕ್ಲೀಟಸ್. "ಸತ್ತೋರ ಮೇಲೆ ಕೇಸು ನಡೆಯಲ್ಲ."

"ನಾಳೆ ಹಾಡೋನು ಯಾರೋ, ನನ್ನ ಹೆಣವೇ?"

ಪಾಸ್ಟರ್ ಟ್ರಿಪ್ ಬಂದಾಗ ನಾಲ್ಕೂವರೆ. ಅಷ್ಟು ಹೊತ್ತಿಗಾಗಲೇ ಸುದ್ದಿ ಊರೆಲ್ಲ ಸುತ್ತಿದ್ದರಿಂದ ಅಂಗಡಿಯ ಬೆಂಚುಗಳು ಭರ್ತಿಯಾಗಿದ್ದವು; ಕೂದಲೇ ಇಲ್ಲದ ಇಬ್ಬರು ಕೂಡ ಕ್ಷೌರಕ್ಕೆಂದು ಬಂದು ಕೂತಿದ್ದರು. ಪಾಸ್ಟರ್ ಪತ್ರ ಓದಿ, ಕನ್ನಡಕ ತೆಗೆದು, ಮೃದುವಾಗಿ ಹೇಳಿದರು:

"ಮಗನೇ, ನಿಜ ಹೇಳಿಬಿಡು. ಒಪ್ಪಿಕೊಂಡವನ ಹೆಗಲಿಂದ ದೇವರು ಅರ್ಧ ಭಾರ ಇಳಿಸುತ್ತಾನೆ."

"ಇನ್ನರ್ಧ ಪಾಸ್ಟರೇ?"

"ಫೋನ್ ಮಾಡು, ಹೊತ್ತಾಗ್ತಿದೆ."

ಕೈತುಂಬ ನೊರೆ ಇದ್ದದ್ದರಿಂದ ವರ್ಲಿನ್ ಮೊಣಕೈಯಿಂದ ಫೋನಿನ ಸ್ಪೀಕರ್ ಗುಂಡಿ ಒತ್ತಿದ. ಮರ್ಲ್ ಸಂಖ್ಯೆ ಒತ್ತಿದ. ಹುಡುಗಿಯೊಬ್ಬಳ ದನಿ ಅಂಗಡಿಯನ್ನೆಲ್ಲ ತುಂಬಿತು.

"ರಾಜಿ ವಿಭಾಗ. ಹಾಡುಗಳನ್ನು ಹಂಚಿಕೊಂಡಿದ್ದನ್ನು ಒಪ್ಪಿಕೊಳ್ತೀರಾ ಸರ್?"

"ಒಪ್ಕೋತೀನಿ ಮೇಡಂ. ಎಪ್ಪತ್ತನಾಲ್ಕನೇ ಇಸವಿಯಿಂದ."

"ಎಪ್ಪತ್ತನಾಲ್ಕರಲ್ಲಿ ಇದೆಲ್ಲ ಇರಲಿಲ್ಲವಲ್ಲ ಸರ್?"

"ನಮ್ಮೂರಲ್ಲಿ ಇತ್ತು."

"ಎಷ್ಟು ಜನ ನಿಮ್ಮಿಂದ ಹಾಡು ಇಳಿಸಿಕೊಂಡರು?"

"ಇಳಿಸೋದು ನಾನೊಬ್ಬನೇ ಮೇಡಂ. ಮರ್ಲ್ ಏರಿಸ್ತಾನೆ."

"ಸರಿ… ನಿಮ್ಮಲ್ಲಿರೋ ಪ್ರತಿಗಳನ್ನೆಲ್ಲ ನಾಶ ಮಾಡಬೇಕು. ಎಲ್ಲಿಟ್ಟಿದ್ದೀರಿ?"

ವರ್ಲಿನ್ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. "ತಲೇಲಿ."

"ಸರ್, ಒಂದ್ನಿಮಿಷ, ನಮ್ಮ ಮೇಲಧಿಕಾರಿಗೆ ಕೊಡ್ತೀನಿ," ಎಂದು ಹುಡುಗಿ ಅಳುವಂತೆ ಹೇಳಿ ಹೋದಳು.

ನಾಲ್ಕು ಐವತ್ತೆರಡು. ಮೇಲಧಿಕಾರಿ ಹೆಂಗಸಿನ ದನಿ ಇಸ್ತ್ರಿ ಹಾಕಿದ ಹಾಗಿತ್ತು.

"ವಯಸ್ಸೆಷ್ಟು ನಿಮಗೆ?"

"ಐವತ್ತೊಂಬತ್ತು."

"ಕಂಪ್ಯೂಟರ್ ಇದೆಯಾ?"

"ಇಲ್ಲ. ಬೇಕಿದ್ರೆ ತಗೋತೀನಿ ಮೇಡಂ."

"ಬೇಡ." ಕಾಗದ ಮಗುಚುವ ಸದ್ದು. "ಇಂಡಿಯಾನಾದಲ್ಲಿ ಇನ್ನೊಬ್ಬ ವರ್ಲಿನ್ ಸ್ಟಕಿ ಇದ್ದಾನೆ. ಹತ್ತೊಂಬತ್ತು ವರ್ಷದೋನು. ಪತ್ರ ಅವನಿಗೆ ಹೋಗಬೇಕಿತ್ತು. ನಿಮ್ಮ ಮೇಲೆ ಯಾವ ದೂರೂ ಇಲ್ಲ. ಈಗಲೇ ರದ್ದು ಮಾಡಿದೆ. ಕ್ಷಮಿಸಿ."

ಓಪಲ್ ಕಿರುಚಿದಳು, ಬೆಂಚಿನವರು ಎದ್ದು ಚಪ್ಪಾಳೆ ತಟ್ಟಿದರು. ಪಾಸ್ಟರ್ ಕಣ್ಣು ಮುಚ್ಚಿ ಮೆಲ್ಲಗೆ ಸ್ವರ ಹಿಡಿದರು. ಮರ್ಲ್ ಮೇಲೇರಿದ, ಕ್ಲೀಟಸ್ ಸಂದು ತುಂಬಿದ, ವರ್ಲಿನ್‌ನ ಎದೆಯಾಳದಿಂದ ತಳದ ದನಿ ಎದ್ದು ಬಂತು. ನಾಳೆ ಹಾಡಬೇಕಿದ್ದ ಅದೇ ಹಾಡು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅಷ್ಟು ಚೆನ್ನಾಗಿ ಕೂಡಿ ಬಂದಿರಲಿಲ್ಲ. ಕೊನೆಯ ಸ್ವರಕ್ಕೆ ಕನ್ನಡಿಗಳು ಸಣ್ಣಗೆ ಝೇಂಕರಿಸಿದವು.

"ಅದ್ಭುತ," ಎಂದಿತು ಫೋನು.

ಅದನ್ನು ಇಡುವುದನ್ನೇ ಮರೆತಿದ್ದರು. ವರ್ಲಿನ್ ನಾಚಿ ನೀರಾದ. "ಕೇಳಿಸ್ತಾ ಮೇಡಂ?"

"ಪೂರ್ತಿ ಕೇಳಿದೆ. ಯಾವ ಕಾಲದ ಹಾಡು?"

"ನನ್ನ ಮದುವೆ ವರ್ಷದ್ದು. ಅರವತ್ತೇಳು."

"ಹೌದು, ಗೊತ್ತಾಯ್ತು. ಅದು ನಮ್ಮ ಕಕ್ಷಿದಾರರದೇ. ಅಲ್ಲಿ ಜನ ತುಂಬಾ ಇದ್ದ ಹಾಗಿತ್ತು?"

"ಕೂರೋಕೆ ಜಾಗ ಇಲ್ಲ!"

"ಸಂತೋಷ. ಜೊತೆಗೆ ಹಾಡಿದವರ ಹೆಸರು ಒಂದೊಂದೇ ಅಕ್ಷರ ಹೇಳ್ತೀರಾ?"

ವರ್ಲಿನ್ ಒಂದೊಂದೇ ಅಕ್ಷರ ಹೇಳಿದ. ಗೆಟ್ಸ್ ಎಂಬುದನ್ನು ಎರಡು ಸಲ ಹೇಳಿದ, ತಪ್ಪಾಗಬಾರದೆಂದು. ಮರ್ಲ್ ತೋಳು ಹಿಡಿದು ಎಳೆದರೂ ನಿಲ್ಲಿಸಲಿಲ್ಲ.

"ಇದೇ ಹಾಡನ್ನ ನಾಳೆ ಜಿಲ್ಲಾ ಸ್ಪರ್ಧೇಲಿ ಹಾಡ್ತೀವಿ ಮೇಡಂ. ಹೈಸ್ಕೂಲ್ ಸಭಾಂಗಣ, ಎರಡು ಗಂಟೆಗೆ. ಇಪ್ಪತ್ತೊಂದು ತಂಡ ಬರುತ್ತೆ. ಎಲ್ಲಾರೂ ನಮ್ಮ ಹಾಗೇ ಹಂಚಿಕೊಂಡು ಹಾಡೋರೇ. ನೀವೂ ಬನ್ನಿ!"

"ನನಗಾಗಲ್ಲ," ಎಂದಿತು ಇಸ್ತ್ರಿ ದನಿ. "ನಮ್ಮ ವಕೀಲರು ಬರ್ತಾರೆ."

ಫೋನು ಕಟ್ಟಾಯಿತು. ಗಡಿಯಾರ ಐದು ಹೊಡೆಯಿತು. ಕ್ಲೀಟಸ್ ನಿಯಮದ ಪುಸ್ತಕವನ್ನು ತೆರೆದು, ನೋಡಿ, ಮುಚ್ಚಿ, ಕಸದ ಬುಟ್ಟಿಯ ಕೂದಲಿನ ಮೇಲೆ ಇಟ್ಟ.

"ಕೇಳಿದ್ರಾ?" ಎಂದ ವರ್ಲಿನ್, ಒಬ್ಬೊಬ್ಬರ ಮುಖವನ್ನೂ ನೋಡುತ್ತ. ಯಾಕೆ ಯಾರೂ ನಗುತ್ತಿಲ್ಲವೋ ಅವನಿಗೆ ತಿಳಿಯಲಿಲ್ಲ. "ಅಷ್ಟು ದೂರದಿಂದ ವಕೀಲರು ಬರ್ತಾರಂತೆ, ನಮ್ಮನ್ನ ಕೇಳೋಕೆ!"

ಮರ್ಲ್ ಅಂಚೆ ಚೀಲವನ್ನು ಹೆಗಲಿಗೇರಿಸಿಕೊಂಡ.

"ಕೇಳೋಕಲ್ಲ ಕಣೋ," ಎಂದ. "ಲಕೋಟೆ ಹಂಚೋಕೆ."