ತಂಬಿಗೊಂದು ದಿನದ ಆಸರೆ

ತನಗೆ ನಾಯಿಯೆಂದರೆ ಪ್ರಾಣ ಎಂದು ಶಂಕರಪ್ಪ ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಹೇಳಿದ್ದು ಮೊದಲಾಳಿ ಪೆರಿಯಸಾಮಿಯವರ ಎದುರು. ದಾವಣಗೆರೆಯಿಂದ ತಿರುಪ್ಪೂರಿಗೆ ಬಂದು ಅವರ ಬನಿಯನ್ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿ ಐದು ತಿಂಗಳಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದವನು ಮೊದಲಾಳಿಯ ನಾಯಿಯನ್ನು ಹೊಗಳದೆ ಇನ್ನೇನು ಮಾಡಿಯಾನು?

ಆ ಮಾತಿನ ಫಲ ಭಾನುವಾರ ಬೆಳಿಗ್ಗೆ ಏಳಕ್ಕೆ ಕಾರಿನಿಂದ ಇಳಿಯಿತು. ರಾಜಪಾಳಯಂ ಜಾತಿಯ ಬಿಳಿ ನಾಯಿ, ಎಮ್ಮೆಗರುವಿನಷ್ಟು ಎತ್ತರ. ಹೆಸರು ತಂಬಿ, ಅಂದರೆ ತಮಿಳಿನಲ್ಲಿ ತಮ್ಮ. ಕೆಲಸಗಾರರನ್ನೆಲ್ಲ ‘ಏಯ್’ ಎನ್ನುವ ಪೆರಿಯಸಾಮಿ ತಂಬಿ ಎಂದು ಕರೆಯುತ್ತಿದ್ದುದು ಇದೊಂದನ್ನೇ. ಕಾಂಗೇಯಂನಲ್ಲಿ ಅವರ ತಂಗಿಮಗಳ ನಿಶ್ಚಯ. ಹೋದ ಸಲ ತಂಬಿ ಅಲ್ಲಿನ ಹೋರಿಯ ಬಾಲಕ್ಕೆ ಬಾಯಿ ಹಾಕಿದ್ದರಿಂದ, ಈ ಸಲ ಅದನ್ನು ಕರೆತರಬೇಡಿ ಎಂದಿದ್ದರಂತೆ.

“ತಂಬಿ ಭದ್ರಂ” ಎಂದರು ಪೆರಿಯಸಾಮಿ, ತಮ್ಮ ಮನೆಯ ತಮಿಳುಗನ್ನಡದಲ್ಲಿ. “ಅವನ ಮೈಮೇಲೆ ಒಂದು ಗೀರು ಬಿದ್ರೂ ನಾಳೆ ನೀನು ಕಂಪನಿ ಪಕ್ಕ ಬರಬೇಡ.”

ಕಾರು ತಿರುವು ದಾಟುವ ಮುಂಚೆಯೇ ತಂಬಿ ತುಟಿ ಎತ್ತಿ ಹಲ್ಲು ತೋರಿಸಿತು. ಶಂಕರಪ್ಪ ಮಂಚ ಹತ್ತಿದ. ತಂಬಿ ಮಂಚಕ್ಕೆ ಮುಂಗಾಲಿಟ್ಟಿತು. ಅವನು ಕಿಟಕಿಯ ಕಂಬಿಗೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಫೋನು ತೆಗೆದು, ಸಾಕುಪ್ರಾಣಿಗಳನ್ನು ನೋಡಿಕೊಳ್ಳುವ ಆಪ್ ಒಂದನ್ನು ಇಳಿಸಿಕೊಂಡ. ದಿನಕ್ಕೆ ಬರೀ ಇನ್ನೂರ ತೊಂಬತ್ತೊಂಬತ್ತು ಎಂದಿತ್ತು. ಆ ಬೆಲೆ ನಾಯಿಯ ಮೂಗಷ್ಟೇ. ಬಾಲ ಹಿಂದೆ ಉದ್ದಕ್ಕೆ ಬರುತ್ತಿತ್ತು. ದೊಡ್ಡ ಗಾತ್ರಕ್ಕೆ ಬೇರೆ, ಭಾನುವಾರಕ್ಕೆ ಬೇರೆ, ಗಾಡಿಗೆ ಬೇರೆ. ಕಚ್ಚುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಒತ್ತಿದರೆ ಅದಕ್ಕೂ ಬೇರೆ. ಹತ್ತೊಂಬತ್ತು ನೂರು ಕಟ್ಟಿದ ಮೇಲೆ ಪಂಜರವಿಟ್ಟ ಆಟೋ ಬಂತು. ಡ್ರೈವರ್ ಬಿಸ್ಕತ್ತು ತೋರಿಸಿದ್ದೇ ತಡ, ತಂಬಿ ಬೀಗರೂಟಕ್ಕೆ ಹೊರಟಂತೆ ಹತ್ತಿ ಕುಳಿತಿತು. ಯಾರ ಮನೆಗೆ ಎಂದು ಕೇಳಿದರೆ, ನೋಡಿಕೊಳ್ಳುವವರ ಹೆಸರು ವಿಳಾಸ ಹೇಳುವ ಹಾಗಿಲ್ಲ ಎಂದ.

ಇದನ್ನೆಲ್ಲ ಮೆಟ್ಟಿಲ ಮೇಲಿಂದ ನೋಡುತ್ತಿದ್ದವರು ಮಹಡಿಯ ಕಾಮಾಕ್ಷಿಯಮ್ಮ. ಮಗ್ಗದವರ ಮನೆಯ ಹಿರಿಯ ಹೆಂಗಸು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಎರಡರಲ್ಲೂ ಹೆದರಿಸಬಲ್ಲವರು.

“ಎಲ್ಲಿಗೆ ಅಂತ ಗೊತ್ತಿಲ್ಲದೆ ಕೊಟ್ಟೆಯಾ ಸಾಮಿ?” ಎಂದರು.

ಪಲ್ಲಡಂನ ಒಬ್ಬರು ಹೀಗೇ ಕೊಟ್ಟ ನಾಯಿ ಆರು ತಿಂಗಳ ಮೇಲೆ ಮೆಟ್ಟುಪಾಳ್ಯಂನ ಅಡಿಕೆ ಮಂಡಿಯಲ್ಲಿ ಸಿಕ್ಕಿತಂತೆ. ಅಷ್ಟರಲ್ಲಿ ಅದಕ್ಕೆ ಬೇರೆ ಹೆಸರಿಟ್ಟಿದ್ದರಂತೆ, ಹಳೆ ಹೆಸರಿಗೆ ತಿರುಗಿಯೂ ನೋಡಲಿಲ್ಲವಂತೆ. ಕೇಳುತ್ತಿದ್ದಂತೆ ಶಂಕರಪ್ಪ ಆಪ್ ತೆರೆದು ಕುಳಿತ.

ಹನ್ನೊಂದಕ್ಕೆ ಆಪ್‌ನಿಂದ ಒಂದು ಫೋಟೋ ಬಂತು. ಅದರಲ್ಲಿ ಬಾಲ ಮಾತ್ರ ಇತ್ತು. ಬಾಲ ಯಾವ ನಾಯಿಗೆ ಬೇಕಾದರೂ ಇರುತ್ತದೆ ಎಂದರು ಕಾಮಾಕ್ಷಿಯಮ್ಮ. ಸಹಾಯವಾಣಿಗೆ ಫೋನು ಮಾಡಿದರೆ ಇಪ್ಪತ್ತು ನಿಮಿಷ ಬರೀ ವೀಣೆ ಕೇಳಿಸಿತು. ಒಂದಕ್ಕೆ, ‘ನಿಮ್ಮ ಮುದ್ದು ಸ್ವಲ್ಪ ಚಡಪಡಿಸುತ್ತಿದೆ’ ಎಂಬ ಸಂದೇಶ. ಅದಕ್ಕಿಂತ ಹೆಚ್ಚು ಶಂಕರಪ್ಪ ಚಡಪಡಿಸಿದ. ತಟ್ಟೆಗೆ ಹಾಕಿಕೊಂಡ ಅನ್ನ ತಟ್ಟೆಯಲ್ಲೇ ಒಣಗಿತು.

ಮೂರೂವರೆಗೆ ಕಾಂಗೇಯಂನಿಂದ ವಿಡಿಯೋ ಕರೆ. ಮೊದಲಾಳಿಗೆ ತಂಬಿಯ ಮುಖ ನೋಡಬೇಕಂತೆ. ಶಂಕರಪ್ಪ ಕರೆ ಕತ್ತರಿಸಿ, ಬರಿ ಧ್ವನಿಯಲ್ಲಿ ಮಾತಾಡಿ, ತನ್ನ ಫೋನಿನ ಕ್ಯಾಮೆರಾ ಕೆಟ್ಟಿದೆ ಎಂದ. ಹಾಗಾದರೆ ಪಕ್ಕದವರ ಫೋನಿಂದ ಐದು ನಿಮಿಷದಲ್ಲಿ ಮಾಡು ಎಂದರು ಅವರು.

ಇನ್ನೂ ಆರುನೂರು ಕಟ್ಟಿದರೆ ನಾಯಿ ಇರುವ ಜಾಗದ ನೇರ ದೃಶ್ಯ ಆಪ್‌ನಲ್ಲೇ ಕಾಣುತ್ತಿತ್ತು. ಶಂಕರಪ್ಪ ಕಟ್ಟಿದ. ಪರದೆಯ ಮೇಲೆ ತಂಬಿ ಕಾಲು ಚಾಚಿ ಮಲಗಿತ್ತು. ಆ ದಿನದ ಮೊದಲ ಉಸಿರು ಅವನಿಗೆ ಆಗ ಬಂತು. ಕಾಮಾಕ್ಷಿಯಮ್ಮನ ಫೋನಿಂದ ಮೊದಲಾಳಿಗೆ ಕರೆ ಹಚ್ಚಿ, ಅದನ್ನು ತನ್ನ ಫೋನಿನ ಪರದೆಗೆ ಎದುರಾಗಿ ಹಿಡಿಯಲು ಅವರಿಗೇ ಹೇಳಿದ.

ಪೆರಿಯಸಾಮಿ ನಾಲ್ಕು ಸಲ ತಂಬಿ ತಂಬಿ ಎಂದು ಕೂಗಿದರು. ತಂಬಿ ತಿರುಗಲಿಲ್ಲ.

“ಏಯ್ ಶಂಕರಪ್ಪ, ಅವನ ಹಿಂದೆ ಜೋಡಿಸಿರೋ ಮೂಟೆ ಏನದು?”

ಶಂಕರಪ್ಪ ಬಗ್ಗಿ ನೋಡಿದ. ಬಟ್ಟೆಯ ಮೂಟೆಗಳು. ಒಂದೊಂದರ ಮೇಲೂ ನೀಲಿ ಅಕ್ಷರದಲ್ಲಿ ಕಂಪನಿಯ ಹೆಸರು.

“ನನ್ನ ಗೋಡೌನ್ ನಿನ್ನ ಮನೆಗೆ ಯಾವಾಗ ಬಂತು?” ಎಂದು ಕೇಳಿ ಅವರು ಫೋನಿಟ್ಟರು.

ನೇರ ದೃಶ್ಯ ಇನ್ನೂ ನಡೆಯುತ್ತಿತ್ತು. ಖಾಕಿ ಅಂಗಿಯವನೊಬ್ಬ ಅನ್ನದ ಬಟ್ಟಲು ಹಿಡಿದು ಬಂದ. ಕಂಪನಿಯ ವಾಚ್‌ಮನ್ ಮಾರಪ್ಪನ್. ಜೇಬಿನಿಂದ ಫೋನು ತೆಗೆದು, ಯಾರದೆಂದು ನೋಡಿ, ಬಟ್ಟಲು ಕೆಳಗಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಕಂಬದ ಹಾಗೆ ನೆಟ್ಟಗೆ ನಿಂತ. ಕರೆ ಮೊದಲಾಳಿಯದೇ ಎಂದು ಶಂಕರಪ್ಪನಿಗೆ ಕೇಳದೆಯೇ ತಿಳಿಯಿತು.

ಆರು ಗಂಟೆಗೆ ಕಂಪನಿ ಗೇಟಿನಲ್ಲಿ ವಿಚಾರಣೆ. ಮಾರಪ್ಪನ್‌ದು ಗೋಡೌನ್ ಹಿಂದಿನ ಕೋಣೆಯಲ್ಲಿ ವಾಸ. ಸಂಬಳ ಸಾಲದೆ ಎರಡು ತಿಂಗಳ ಹಿಂದೆ ಆಪ್‌ಗೆ ಸೇರಿದ್ದನಂತೆ. ತಂಬಿಯನ್ನು ನೋಡಿ, ಮೊದಲಾಳಿಯೇ ಬುಕ್ ಮಾಡಿದ್ದಾರೆ ಎಂದುಕೊಂಡನಂತೆ. ಶಂಕರಪ್ಪ ಕಟ್ಟಿದ ಎರಡೂವರೆ ಸಾವಿರದಲ್ಲಿ ಅವನ ಕೈ ಸೇರುವುದು ಇನ್ನೂರ ಎಂಬತ್ತಂತೆ. ಪೆರಿಯಸಾಮಿಯವರ ಸಿಟ್ಟೆಲ್ಲ ಆಪ್‌ನವರ ಮೇಲೆ ತಿರುಗಿತು. ತಾನು ಬದುಕಿಕೊಂಡೆನೇನೋ ಎಂದು ಶಂಕರಪ್ಪನಿಗೆ ಅನಿಸಿತು.

ತಂಬಿ ಮಾರಪ್ಪನ್‌ನ ಮಂಡಿಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತ್ತು. ಪೆರಿಯಸಾಮಿ ಅದನ್ನೇ ನೋಡುತ್ತ ನಿಂತರು. ಇವತ್ತಿನಿಂದ ಮಾರಪ್ಪನ್ ಬಂಗಲೆಗೆ ಬಂದು ತಂಬಿಯನ್ನು ನೋಡಿಕೊಳ್ಳಲಿ, ಸಂಬಳ ಹೆಚ್ಚಿಗೆ ಕೊಡುತ್ತೇನೆ ಎಂದರು.

“ಗೇಟಿಗೆ ಯಾರು, ಮೊದಲಾಳಿ?” ಎಂದ ಮಾರಪ್ಪನ್.

“ಹೊಸಬ ಸಿಗೋವರೆಗೂ ಇವನೇ” ಎಂದು ಅವರು ಶಂಕರಪ್ಪನ ಕಡೆ ಗದ್ದ ಚಾಚಿದರು.

ಕಾರು ಹೋಯಿತು. ಶಂಕರಪ್ಪ ಸ್ಟೂಲಿನ ಮೇಲೆ ಕುಳಿತ. ಸೂಪರ್‌ವೈಸರ್ ಹೋಗಿ ವಾಚ್‌ಮನ್ ಆದರೇನಂತೆ, ಸುತ್ತ ಒಂದು ನಾಯಿಯೂ ಇಲ್ಲ ಎಂದು ಸಮಾಧಾನ ಮಾಡಿಕೊಂಡ.

ಕಾಲು ಗಂಟೆಯಲ್ಲಿ ಪಂಜರದ ಆಟೋ ಗೇಟಿಗೆ ಬಂದು ನಿಂತಿತು. ಒಳಗೆ ಎರಡು ಕರಿ ನಾಯಿಗಳು ಕಂಬಿ ಕಚ್ಚುತ್ತಿದ್ದವು.

“ಮಾರಪ್ಪನ್ ಅಣ್ಣನ ಮುಂದಿನ ಬುಕಿಂಗು. ಬುಧವಾರದವರೆಗೆ” ಎಂದ ಡ್ರೈವರ್. “ಈಗ ಇಲ್ಲಿ ನೀವಾ ಇರೋದು?”

ಶಂಕರಪ್ಪ ಸ್ಟೂಲು ಹತ್ತಿ ನಿಲ್ಲುವಷ್ಟರಲ್ಲಿ ಅವನು ಪಂಜರದ ಚಿಲಕ ತೆಗೆದಿದ್ದ.