ಓನರು ಕಟ್ಟಿಸಿದ ಗ್ಯಾಲರಿ

ಸೋಲುವ ಕ್ಲಬ್ಬಿನ ಬೆನ್ನು ಹತ್ತಿದವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಒಂದಕ್ಕೆ ನಕ್ಕು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ, ಅಳುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಒಂದು ಕಡೆ ನಿಂತವನಲ್ಲ. ಪೀಣ್ಯದಲ್ಲಿ ಪೌಡರ್ ಕೋಟಿಂಗ್, ವೈಟ್‌ಫೀಲ್ಡಿನಲ್ಲಿ ಸೆಕ್ಯೂರಿಟಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾಂಟೀನು. ಕೆಲಸ ಎಲ್ಲೇ ಇರಲಿ, ಭಾನುವಾರ ಸಂಜೆ ಮಾತ್ರ ಸಿಂಗಸಂದ್ರದ ಆಚೆಗಿದ್ದ ನಮ್ಮ ಮೈದಾನಕ್ಕೆ ಬಂದು ಸೇರುತ್ತಿದ್ದೆ. ಕಾಲ್ ಸೆಂಟರುಗಳ ಟಾಟಾ ಸುಮೋಗಳು ಹಗಲೂ ರಾತ್ರಿ ಹೊಸೂರು ರಸ್ತೆ ಸವೆಸುತ್ತಿದ್ದ ಕಾಲ ಅದು. ಅಲ್ಲಿ ಖಾಲಿ ಜಾಗ ಅಂತ ಉಳಿದದ್ದೇ ಅಪರೂಪ. ಆ ಮೈದಾನ ಊರಿನ ಹಳೇ ಮನೆತನದ ಒಬ್ಬರದು, ಅವರಪ್ಪ ರಾಗಿ ಬೆಳೆದ ನೆಲ. ಸುತ್ತ ವಠಾರ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ ಅವರು ಈ ಒಂದು ತುಂಡನ್ನು ಫುಟ್‌ಬಾಲಿಗೆ ಬಿಟ್ಟು ತಾವೇ ಕ್ಲಬ್ಬಿನ ಅಧ್ಯಕ್ಷರಾದರು. ಅಧ್ಯಕ್ಷರು ಅಂತ ಬೋರ್ಡಿನಲ್ಲಿ ಮಾತ್ರ ಬರೆದಿತ್ತು. ನಮ್ಮಲ್ಲಿ ಹೆಚ್ಚಿನವರು ಅವರ ವಠಾರದಲ್ಲೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅವರು ಓನರು.

ಓನರಿಗೆ ಬೇಜಾರು ಬಂದ ದಿನ ಮೈದಾನ ಹೋಯಿತು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಹೋದರೆ ನಮಗೆ ಒಂದು ಭಾನುವಾರ ಹೋಗುತ್ತಿತ್ತು. ನಮ್ಮ ಗೋಲ್‌ಕೀಪರಿಗೆ ಮನೆಯೇ ಹೋಗುತ್ತಿತ್ತು. ನಲವತ್ತು ದಾಟಿದ ಒಂಟಿ ಮನುಷ್ಯ, ವಾರವೆಲ್ಲ ರಟ್ಟಿನ ಡಬ್ಬದ ಫ್ಯಾಕ್ಟರಿಯಲ್ಲಿ ದುಡಿದು, ಗ್ಯಾಲರಿ ಕೆಳಗೆ ಚೆಂಡು ಬಲೆ ಇಡುವ ಕೋಣೆಯಲ್ಲಿ ಬಾಡಿಗೆ ಇಲ್ಲದೆ ಮಲಗುತ್ತಿದ್ದ. ಹಾಗಾಗಿ ಕ್ಲಬ್ಬಿನ ಸಾಲ ಸೋಲದ ಚರ್ಚೆ ಕಾವೇರಿದಾಗ ಅವನು ಟೀ ಕುಡಿಯಲು ಬಂದರೆ ಎಲ್ಲರೂ ತಟಕ್ಕನೆ ಕ್ರಿಕೆಟ್ ಮಾತಾಡುತ್ತಿದ್ದೆವು. ಅವನು ನಮ್ಮನ್ನು ಕ್ರಿಕೆಟ್ ಹುಚ್ಚರು ಅಂತಲೇ ತಿಳಿದಿದ್ದ.

ಪಡುವಣದ ಬಿಸಿಲು

ಗ್ಯಾಲರಿಗೆ ಓನರು ಬ್ಯಾಂಕಿನಲ್ಲಿ ಸಾಲ ಎತ್ತಿದರು. ಗಟ್ಟಿ ಕಾಂಕ್ರೀಟಿನ ಮೆಟ್ಟಿಲು, ಬಣ್ಣ, ಕಂಬಿ. ಮೊದಲ ಮ್ಯಾಚಿಗೆ ಹೋಗಿ ಕೂತಾಗ ಗೊತ್ತಾಯಿತು, ಕೂತವರ ಮುಖ ನೇರ ಪಡುವಣಕ್ಕೆ. ಸಂಜೆ ಬಿಸಿಲಿಗೆ ಕಣ್ಣು ಬಿಡುವ ಹಾಗಿಲ್ಲ. ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು ಕೂತಿದ್ದೆವು. ದೂರದಿಂದ ನೋಡಿದವರಿಗೆ ಇಡೀ ಗ್ಯಾಲರಿ ಯಾರಿಗೋ ಸಲ್ಯೂಟ್ ಹೊಡೆದಂತೆ ಕಾಣುತ್ತಿತ್ತಂತೆ.

ನಮ್ಮಲ್ಲಿ ಬಾಯಿ ಜೋರಿದ್ದವನು ಒಬ್ಬ ಆಟೋ ಡ್ರೈವರು. ಅವನೇ ಹೋಗಿ ಕೇಳಿದ. "ಅಣ್ಣಾ, ಎದುರುಗಡೆ ಕಟ್ಸಿದ್ದಿದ್ರೆ ಬಿಸಿಲು ಬೆನ್ನಿಗೆ ಬೀಳ್ತಿತ್ತಲ್ವಾ?"

"ಎದುರುಗಡೆ ರಸ್ತೆ ಎಲ್ಲೈತಪ್ಪಾ? ಗ್ಯಾಲರಿ ಕೆಳಗೆ ಅಂಗಡಿಗಳವೆ. ಶಟರ್ರು ರಸ್ತೆ ಕಡೆ ಬೇಡ್ವಾ?"

"ಅಂಗಡಿ ಸರಿ ಅಣ್ಣಾ, ಜನಕ್ಕೆ ಬಾಲೇ ಕಾಣಲ್ವಲ್ಲ."

"ಅಂಗಡಿಯೋರು ಅಡ್ವಾನ್ಸ್ ಕೊಟ್ಟವ್ರೆ. ನೀನೇನು ಕೊಟ್ಟಿದ್ದೀಯಾ?"

ಟಿಕೆಟ್ಟು ಅಂತ ನಾವು ಯಾರೂ ಯಾವತ್ತೂ ಕೊಂಡವರಲ್ಲ. ಆಟೋದವನು ವಾಪಸ್ ಬಂದು ಕೂತ. ಅವತ್ತು ಐದು ಗೋಲಿನಿಂದ ಸೋತೆವು. ನನ್ನ ಪಕ್ಕದವನು ಹಣೆ ಮೇಲಿನ ಕೈ ತೆಗೆಯದೆ ಹೇಳಿದ, "ಬಿಡು ಗುರು, ಓನರು ಯೋಚನೆ ಮಾಡೇ ಕಟ್ಸವ್ರೆ."

ಸುಣ್ಣ ಬಣ್ಣ

ಓನರಿಗೆ ಗೊತ್ತಿದ್ದ ವ್ಯವಹಾರ ಒಂದೇ, ಬಾಡಿಗೆ. ಹೊರಗಿನಿಂದ ಒಬ್ಬ ಸ್ಟ್ರೈಕರನ್ನು ಕರೆತಂದಾಗ ವಠಾರದವರಿಗೆ ಮಾಡಿಸುವಂತೆ ಅವನಿಗೂ ಛಾಪಾ ಕಾಗದದಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿದರು. ಟೀ ಅಂಗಡಿಯಲ್ಲಿ ಇದರದ್ದೇ ಚರ್ಚೆ.

"ಹನ್ನೆರಡನೇ ತಿಂಗಳು ಮ್ಯಾಚ್ ಬಂದ್ರೆ ಏನ್ ಕಥೆ?"

"ಮೊದಲನೇ ತಿಂಗಳು ಆಡ್ಲಿ ಮಗಾ, ಆಮೇಲೆ ನೋಡೋಣ."

ಮೊದಲನೇ ತಿಂಗಳೂ ಆಡಲಿಲ್ಲ, ಹನ್ನೊಂದನೆಯದೂ ಆಡಲಿಲ್ಲ. ಪುಣ್ಯಾತ್ಮ ಒಂದು ಗೋಲೂ ಹೊಡೆಯಲಿಲ್ಲ. ಬಿಟ್ಟು ಹೋಗುವ ದಿನ ಕೊನೆಯ ಸಂಬಳದಲ್ಲಿ ಓನರು ಅರ್ಧ ಹಿಡಿದುಕೊಂಡರು.

"ಇದ್ಯಾಕೆ ಸಾರ್?"

"ಪೇಂಟಿಂಗ್‌ಗೆ. ಯಾರು ಖಾಲಿ ಮಾಡಿದ್ರೂ ಹಿಡೀತೀನಿ."

"ನಾನೇನು ಗೋಡೆನಾ ಸಾರ್?"

ಓನರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಗೋಡೆ ಆಗಿದ್ರೆ ಬಾಲು ತಗುಲಿ ವಾಪಸ್ಸಾದ್ರೂ ಬರ್ತಿತ್ತು."

ಬೀಗರೂಟ

ಅಂಗಡಿ ಬಾಡಿಗೆಯಲ್ಲಿ ಸಾಲದ ಕಂತು ಏಳಲಿಲ್ಲ. ಓನರು ಮೈದಾನವನ್ನು ಶನಿವಾರಗಳಂದು ಬೀಗರೂಟಕ್ಕೆ ಬಿಡತೊಡಗಿದರು. ಅಡುಗೆಯವರು ಒಲೆಗೆ ಗುಂಡಿ ತೋಡಿದ್ದು ಗೋಲಿನ ಮುಂದೆ, ಸರಿಯಾಗಿ ಪೆನಾಲ್ಟಿ ಹೊಡೆಯುವ ಜಾಗದಲ್ಲಿ.

ಮಾರನೇ ದಿನ ನಮಗೆ ಅಪರೂಪಕ್ಕೊಂದು ಪೆನಾಲ್ಟಿ ಸಿಕ್ಕಿತು. ನಮ್ಮವನು ಬಾಲಿಟ್ಟ. ಅದು ಉರುಳಿ ಗುಂಡಿಗೆ ಬಿತ್ತು. ಬೂದಿ ಒರೆಸಿ ಅಂಚಿನಲ್ಲಿ ಇಟ್ಟು, ದೂರದಿಂದ ಓಡಿ ಬಂದು ಕಾಲು ಬೀಸಿದ. ಬಾಲು ಇದ್ದಲ್ಲೇ ಇತ್ತು, ಅವನು ಒಲೆಯಲ್ಲಿ ಕೂತಿದ್ದ.

ಆಟೋದವನಿಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಕೇಳಿದ, "ಇದು ಮೈದಾನನಾ, ಅಡುಗೆ ಮನೆನಾ ಅಣ್ಣಾ?"

ಓನರು ತಣ್ಣಗೆ ಹೇಳಿದರು. "ನಿನ್ನೆ ಕರೀದೆ ಬಂದು ಕೈಮಾ ಉಂಡೆ ಮೂರು ಸಲ ಹಾಕುಸ್ಕೊಂಡ್ಯಲ್ಲ, ಅದೇನು ಆಕಾಶದಲ್ಲಿ ಬೇಯ್ತಿತ್ತಾ?"

ಕೈ ಎತ್ತಿ

ಆಮೇಲೆ ಸುದ್ದಿ ಬಂತು. ಕಂಪನಿಗಳಿಗೆ ಕ್ಯಾಬ್ ಓಡಿಸುವ ಕಂಟ್ರಾಕ್ಟರ್ ಒಬ್ಬ ಗಾಡಿ ನಿಲ್ಲಿಸಲು ಇಡೀ ಮೈದಾನವನ್ನೇ ಕೇಳುತ್ತಿದ್ದಾನಂತೆ. ಟೀ ಅಂಗಡಿ ಹೊತ್ತಿಕೊಂಡಿತು.

"ಲೆಕ್ಕ ಕೇಳ್ಬೇಕು. ಸಾಲ ಎಷ್ಟು, ಬಾಡಿಗೆ ಎಷ್ಟು, ಎಲ್ಲಾ ಬಿಚ್ಚಿಡ್ಲಿ," ಅಂದ ಆಟೋದವನು. "ಕೊಡ್ಲಿಲ್ವಾ, ಇಳಿಸೋಣ. ಬೇರೆ ಅಧ್ಯಕ್ಷ ಬರ್ಲಿ."

ಗೋಲ್‌ಕೀಪರ್ ನಮ್ಮ ಬೆನ್ನ ಹಿಂದೆಯೇ ನಿಂತಿದ್ದ. ಕ್ರಿಕೆಟ್ಟಿಗೆ ತಿರುಗುವಷ್ಟು ಹೊತ್ತು ಸಿಗಲಿಲ್ಲ. ಅವನು ಟೀ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದ. "ಅವ್ರನ್ನ ಇಳಿಸಿದ್ರೆ ಜಾಗ ಯಾರ್ದು?"

ಆದರೂ ಮೀಟಿಂಗ್ ಕರೆದೆವು. ಓನರು ಬಂದು ಮೆಟ್ಟಿಲ ಮೇಲೆ ಟವೆಲ್ ಹಾಸಿ ಕೂತರು.

"ಏನ್ರಪ್ಪಾ, ಲೆಕ್ಕ ಬೇಕಂತೆ. ಬೇಕಾದೋರು ಕೈ ಎತ್ತಿ. ಯಾವ್ಯಾವ ಮನೆಯೋರು ಅಂತ ನನಗೂ ಗೊತ್ತಾಗ್ಲಿ."

ಆಟೋದವನ ಕೈ ಕಿವಿಯವರೆಗೆ ಏರಿತು. ಅಷ್ಟರಲ್ಲಿ ಮನೆ ನೆನಪಾಯಿತೋ ಏನೋ, ಕೈ ಹಾಗೇ ತಲೆಗೆ ಹೋಗಿ ಕೆರೆಯತೊಡಗಿತು. ಅವನ ಹಿಂದೆ ಎತ್ತಿದ ಕೈಗಳೆಲ್ಲ ಅದೇ ದಾರಿ ಹಿಡಿದವು. ಸ್ವಲ್ಪ ಹೊತ್ತು ಗ್ಯಾಲರಿಯಲ್ಲಿ ಪರಪರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಓನರು ಎದ್ದು ಟವೆಲ್ ಕೊಡವಿದರು. "ಎಲ್ರಿಗೂ ಒಟ್ಟಿಗೆ ಹೇನಾಗವೆ. ನಾಳೆ ವಠಾರದ ಟ್ಯಾಂಕು ತೊಳುಸ್ತೀನಿ."

ಕೊನೆಯ ಗೋಲು

ಕಂಟ್ರಾಕ್ಟರಿಗೆ ಮೈದಾನ ಕೊಟ್ಟ ದಿನ ಓನರು ತಾವಾಗಿಯೇ ಟೀ ಅಂಗಡಿಗೆ ಬಂದರು. ಅವರು ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಯಾರೂ ಕೇಳದೆ ಹೇಳಿದರು. "ನಮ್ಮಪ್ಪ ರಾಗಿ ಹಾಕ್ದ, ರಾಗಿ ಬಂತು. ನಾನು ವಠಾರ ಹಾಕ್ದೆ, ಬಾಡಿಗೆ ಬಂತು. ಫುಟ್‌ಬಾಲ್ ಹಾಕ್ದೆ, ನೀವು ಬಂದ್ರಿ." ನಗುವಂಥ ಮಾತೇ. ಅವರ ಮುಖ ನೋಡಿ ಯಾರೂ ನಗಲಿಲ್ಲ. ಆಟೋದವನು ಅವರಿಗೊಂದು ಟೀ ಹೇಳಿದ.

ಗೋಲ್‌ಕೀಪರನ ವಿಷಯ ಮಾತ್ರ ಓನರು ಬಿಟ್ಟುಕೊಡಲಿಲ್ಲ. ಅವನನ್ನೇ ಪಾರ್ಕಿಂಗ್ ವಾಚ್‌ಮನ್ ಮಾಡಿಕೊಳ್ಳಬೇಕು, ಕೋಣೆ ಅವನಿಗೇ ಇರಬೇಕು ಅಂತ ಕಂಟ್ರಾಕ್ಟರಿಗೆ ಹೇಳಿ ಒಪ್ಪಿಸಿದ್ದರು. ಅವನಿಗೆ ಖಾಕಿ ಶರಟು, ಬಾಯಿಗೊಂದು ವಿಷಲ್ಲು ಬಂತು.

ಮುಂದಿನ ಭಾನುವಾರ ಸಂಜೆ ನಾವು ಎಂದಿನಂತೆ ಹೋಗಿ ಗ್ಯಾಲರಿಯಲ್ಲಿ ಕೂತೆವು. ಒಂದೇ ಕೋಣೆಯ ಮನೆಗಳವರು, ಸಂಜೆ ಹೊತ್ತು ಬೇರೆಲ್ಲಿಗೆ ಹೋಗೋಣ? ಮೈದಾನದ ತುಂಬ ಸುಮೋಗಳು ಸಾಲಾಗಿ ನಿಂತಿದ್ದವು. ಅಭ್ಯಾಸ ಬಿಡಬೇಕಲ್ಲ, ಆಟಗಾರರಿಗೆ ಹಾಕುತ್ತಿದ್ದ ಕೂಗು ಡ್ರೈವರುಗಳ ಮೇಲೆ ಶುರುವಾಯಿತು. "ಆಯಪ್ಪನ್ನ ಹೊರಗೆ ಕೂರಿಸ್ರೋ, ತಿರುಗಿಸೋಕೇ ಬರಲ್ಲ." "ಲೆಫ್ಟ್ ಖಾಲಿ ಐತೆ ನೋಡು, ನುಗ್ಗಲ್ಲ."

ಕಡೆಗೊಂದು ಸುಮೋ ಬಂತು. ಜಾಗವೆಲ್ಲ ತುಂಬಿತ್ತು. ಉಳಿದದ್ದು ಒಂದೇ, ಗೋಲಿನ ಕಂಬಗಳ ನಡುವೆ. ಕಾಂಕ್ರೀಟಿನಲ್ಲಿ ಹೂತಿದ್ದರಿಂದ ಅವನ್ನು ಯಾರೂ ಕಿತ್ತಿರಲಿಲ್ಲ, ಹರಿದ ಬಲೆಯೂ ಹಾಗೇ ನೇತಾಡುತ್ತಿತ್ತು. ಡ್ರೈವರು ರಿವರ್ಸ್ ಹಾಕಿದ. ನಮ್ಮ ಗೋಲ್‌ಕೀಪರ್ ಓಡಿ ಹೋಗಿ ಗೋಲಿನ ಗೆರೆಯ ಮೇಲೆ, ಇಷ್ಟು ವರ್ಷ ನಿಂತ ಜಾಗದಲ್ಲೇ ನಿಂತ. ವಿಷಲ್ ಊದುತ್ತ, ಎರಡೂ ಕೈ ಆಡಿಸುತ್ತ ಹಿಂದಕ್ಕೆ ಹಿಂದಕ್ಕೆ ಸರಿದ. "ಬಾ, ಬಾ, ಬಾ. ಸ್ವಲ್ಪ ರೈಟ್ ಒಡಿ. ಬಾ."

ಗ್ಯಾಲರಿಯಲ್ಲಿದ್ದವರೆಲ್ಲ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆವು. ಸುಮೋದ ಹಿಂಭಾಗ ಗೆರೆ ದಾಟಿ ಮೆಲ್ಲಗೆ ಹೋಗಿ ಬಲೆಗೆ ತಾಗಿತು. ಅವನು ಪಕ್ಕಕ್ಕೆ ಸರಿದು ಗಾಡಿಯ ಮೈಗೆ ಎರಡು ಸಲ ತಟ್ಟಿ, ಸಾಕು ಅಂದ.

ಆಟೋದವನು ನಿಧಾನವಾಗಿ ಕೂತುಕೊಂಡು ಹೇಳಿದ, "ಆಯಪ್ಪ ಗೋಲ್ ಬಿಡೋದು ಹೊಸದೇನಲ್ಲ ಮಗಾ. ಇಂಗೆ ಬಾ ಬಾ ಅಂತ ಕರ್ದು ಬಿಟ್ಕೊಂಡಿದ್ದು ಇದೇ ಮೊದ್ಲು."